ಕೊಸರಿಗೆ ಕೆಂಪು ಚೌಕ

ಕೂತು ಮಾಡುವ ಕೆಲಸ ಸಿಕ್ಕರೆ ಅದು ಎಂಥ ಕೆಲಸ ಎಂದು ಕೇಳಬಾರದು. ಇದು ನನ್ನ ಸಿದ್ಧಾಂತ. ಅರ್ಧಕ್ಕೆ ಶಾಲೆ ಬಿಟ್ಟವನಿಗೆ ಸಿದ್ಧಾಂತ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕಾಲಿನಿಂದ ಬಂತು. ದಿನವಿಡೀ ನಿಂತವನ ಕಾಲು ಎಂಥೆಂಥ ವಿಚಾರ ಮಾಡುತ್ತದೆಂದು ಕೂತವರಿಗೆ ತಿಳಿಯುವುದಿಲ್ಲ. ತೆಲುಗು ಸೀಮೆಯ ಕುಷಾಯಿಗೂಡದಲ್ಲಿ ನಾನು ದುಡಿಯುವ ಸೂಪರ್ ಮಾರ್ಕೆಟ್ಟಿನಲ್ಲಿ ಇಲ್ಲದ್ದಿಲ್ಲ. ನಾಯಿಗೆ ಬಿಸ್ಕತ್ತಿದೆ, ಬೆಕ್ಕಿಗೆ ಶಾಂಪೂ ಇದೆ. ಪ್ಲಾಸ್ಟಿಕ್ ಕುರ್ಚಿಗಳ ಸಾಲೇ ಇದೆ, ಆದರೆ ಅವು ಮಾರಾಟಕ್ಕೆ. ಕೆಲಸದವನು ಕೂತರೆ ದಂಡ. ನಮ್ಮ ಯೂನಿಫಾರಂ ಪ್ಯಾಂಟಿಗೆ ಜೇಬಿಲ್ಲ. ಜೇಬಿದ್ದರೆ ಚಾಕಲೇಟು ತಾನಾಗಿ ಹಾರಿ ಬಂದು ಒಳಗೆ ಕೂರುತ್ತದೆಂದು ಮೇಲಿನವರ ನಂಬಿಕೆ. ಜೇಬಿಲ್ಲದ ಪ್ಯಾಂಟು ತೊಟ್ಟವನಿಗೆ ಕೈ ಎಲ್ಲಿಡಬೇಕೆಂಬುದೇ ದೊಡ್ಡ ಚಿಂತೆ. ಮೊದಮೊದಲು ನಾನು ಹೆಣ್ಣು ನೋಡಲು ಬಂದ ವರನ ಹಾಗೆ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದೆ. ಹೀಗಿರುವಾಗ ಕ್ಯಾಮೆರಾ ನೋಡುತ್ತಿದ್ದ ಹುಡುಗ ಕೆಲಸ ಬಿಟ್ಟ. ಆ ಕೋಣೆಯಲ್ಲಿ ಕುರ್ಚಿ ಇತ್ತು, ಅದೂ ಮೆತ್ತನೆಯದು. ಮ್ಯಾನೇಜರು ಕೆಲಸವೇನೆಂದು ಹೇಳಿ ಮುಗಿಸುವ ಮೊದಲೇ ನಾನು ಕೈ ಎತ್ತಿದ್ದೆ.

ಮ್ಯಾನೇಜರು ಆನಂದ್ ಸಾರ್ ತೆಲುಗಿನವರು. ಹೆಂಡತಿ ಸಿಂಧನೂರಿನವರು. ಸಾರ್ ಕನ್ನಡ ಕಲಿತದ್ದು ಹೆಂಡತಿಯ ಬಾಯಿಂದ, ಹಾಗಾಗಿ ಅವರಿಗೆ ಬೈಯುವ ಕನ್ನಡ ಮಾತ್ರ ಚೆನ್ನಾಗಿ ಬರುತ್ತದೆ. ನಾನು ಲಿಂಗಸೂಗೂರಿನವನೆಂದು ತಿಳಿದಾಗಿನಿಂದ ನನ್ನ ಜೊತೆ ಬೇರೆ ಭಾಷೆಯನ್ನೇ ಬಳಸಿಲ್ಲ. ಅವರು ಕಲಿಸಿದ ಕೆಲಸ ಸರಳ. ಅಂಗಡಿಗೆ ಹೊಸ ಯಂತ್ರ ಬಂದಿದೆ. ಯಾರದಾದರೂ ಕೈ ಅನುಮಾನ ಬರುವಂತೆ ಆಡಿದರೆ ಪರದೆಯ ಮೇಲೆ ಅದರ ಸುತ್ತ ಕೆಂಪು ಚೌಕ ಬೀಳುತ್ತದೆ. ನಾನು ನೋಡಿ ಹೌದು ಅಥವಾ ಅಲ್ಲ ಎಂದು ಒತ್ತಬೇಕು. ಯಂತ್ರ ಭಾರೀ ಸಂಶಯದ್ದು. ಸೊಂಟ ಕೆರೆದುಕೊಂಡವನಿಗೂ ಚೌಕ, ಸೀನಿದವನಿಗೂ ಚೌಕ. ಇನ್ನು ಚೌಕಗಳಲ್ಲಿ ಮುಕ್ಕಾಲು ಪಾಲು ಬೀಳುವುದು ಗಿರಾಕಿಗಳ ಮೇಲಲ್ಲ, ನಮ್ಮವರ ಮೇಲೆ. ಕಂಬಕ್ಕೆ ಒರಗಿದರೆ ಚೌಕ. ಕಂಬ ಕದಿಯುತ್ತಾರೆಂದು ತಿಳಿಯುತ್ತದೋ ಏನೋ. ನಿಜವಾಗಿ ಸಿಕ್ಕಿಬಿದ್ದ ಗಿರಾಕಿಯ ಫೋಟೋ ಬಿಲ್ ಮಾಡುವ ಜಾಗದ ಹಿಂದಿನ ಗೋಡೆಗೆ ಹೋಗುತ್ತದೆ, ಊರೆಲ್ಲ ನೋಡುವ ಹಾಗೆ. ಸಿಕ್ಕವರು ಕೆಲಸದವರ ಸಂಬಂಧಿಕರಾದರೆ ಅವರ ಫೋಟೋ ಗೋಡೆಗೆ, ಕೆಲಸದವನು ಮನೆಗೆ.

ಇಷ್ಟು ಹೇಳಿದ ಮೇಲೆ ಚಿಗವ್ವನ ಬಗ್ಗೆ ಹೇಳಲೇಬೇಕು. ಶರಣಮ್ಮ, ನಮ್ಮವ್ವನ ತಂಗಿ. ನಾನು ಇರುವುದು, ಉಣ್ಣುವುದು ಅವಳ ಮನೆಯಲ್ಲಿ. ಕುಷಾಯಿಗೂಡದಲ್ಲಿ ನಮ್ಮ ಕಡೆಯ ಗೌಂಡಿ ಕೆಲಸದವರು ಬಹಳ ಜನ. ಅವರು ಜೋಳದ ಹಿಟ್ಟು ತಂದು ಚಿಗವ್ವನ ಮನೆಯಲ್ಲಿ ಇಟ್ಟು ಹೋಗುತ್ತಾರೆ, ಅವಳು ರೊಟ್ಟಿಗಿಷ್ಟು ಎಂದು ದುಡ್ಡು ಪಡೆದು ಬಡಿದು ಕೊಡುತ್ತಾಳೆ. ಎಷ್ಟು ಹಿಟ್ಟು ಬಂತು, ಎಷ್ಟು ರೊಟ್ಟಿ ಆಯಿತು ಎಂದು ಇವತ್ತಿನವರೆಗೆ ಯಾರೂ ತೂಗಿ ನೋಡಿಲ್ಲ. ಅವಳ ಸಂಸಾರ ನಿಂತಿರುವುದೇ ಆ ನಂಬಿಕೆಯ ಮೇಲೆ. ಚಿಗವ್ವ ಮೊದಲು ನಮ್ಮ ಸೂಪರ್ ಮಾರ್ಕೆಟ್ಟಿಗೆ ಕಾಲಿಟ್ಟವಳೇ ಅಲ್ಲ. ಅವಳ ಕಾಯಿಪಲ್ಲೆ ಎಲ್ಲ ಓಣಿಯ ತುದಿಯ ಯಾದಮ್ಮನ ಗಾಡಿಯಲ್ಲೇ ಆಗುತ್ತಿತ್ತು. ನಮ್ಮ ಅಂಗಡಿ ಬಂದದ್ದೇ ಟೊಮೇಟೊವನ್ನು ಯಾದಮ್ಮ ತರುವ ದರಕ್ಕಿಂತ ಕಡಿಮೆಗೆ ಮಾರಿತು. ಮಳೆಗಾಲ ಮುಗಿಯುವಷ್ಟರಲ್ಲಿ ಓಣಿಯ ಗಾಡಿಗಳೆಲ್ಲ ಮಾಯವಾದವು. ಗಾಡಿ ಹೋದ ಮೇಲೆ ಟೊಮೇಟೊ ದರ ಮೆಲ್ಲಗೆ ಮೇಲೆದ್ದಿತು. ಯಾದಮ್ಮ ಗಾಡಿ ಮಾರಿ ನಮ್ಮಲ್ಲೇ ಕೆಲಸಕ್ಕೆ ಸೇರಿದಳು, ತರಕಾರಿ ತೂಗಲು. ಅದೇ ಕೈ, ಅದೇ ತರಕಾರಿ, ಯೂನಿಫಾರಂ ಮಾತ್ರ ಹೊಸದು.

ಗತಿಯಿಲ್ಲದೆ ಒಂದು ಭಾನುವಾರ ಚಿಗವ್ವ ನಮ್ಮ ಅಂಗಡಿಗೆ ಬಂದಳು. ಯಾದಮ್ಮ ಬದನೆಕಾಯಿ ತೂಗಿ ಚೀಟಿ ಅಂಟಿಸಿದಳು. ಚಿಗವ್ವ ಚೀಲದ ಬಾಯಿ ತೆರೆದುಕೊಂಡು ನಿಂತೇ ಇದ್ದಳು.

"ಕೊಸರು ಹಾಕವ್ವ ಯಾದಮ್ಮ."

ತೂಕದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕದೆ ಯಾದಮ್ಮ ಎಂದೂ ಅವಳನ್ನು ಕಳಿಸಿದ್ದಿಲ್ಲ. ಈಗ ಅವಳು ಕಣ್ಣು ಮೇಲೆ ತಿರುಗಿಸಿ ಕ್ಯಾಮೆರಾ ತೋರಿಸಿದಳು. "ಅಕ್ಕಾ, ಪೈನ ಚೂಡು."

ಚಿಗವ್ವ ಮೇಲೆ ನೋಡಿದಳು. "ಜೇಡ ಬಲಿ ಕಟ್ಟೈತಿ, ಮತ್ತೇನೈತಿ? ಯೂನಿಫಾರಂ ಹಾಕ್ಕೊಂಡ ಕೂಡ್ಲೆ ಕೈ ಬಿಗಿ ಆತೇನು ನಿಂದು?" ಎಂದವಳೇ ಪಕ್ಕದ ಬುಟ್ಟಿಯಿಂದ ಒಂದು ಹಿಡಿ ಹಸಿ ಮೆಣಸಿನಕಾಯಿ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಕೈ ಎತ್ತಿ, "ಕೊಸರು ತಗೊಂಡೀನ್ರೆಪಾ!" ಎಂದು ಒದರಿ ಚೀಲಕ್ಕೆ ಹಾಕಿಕೊಂಡಳು.

ಈ ಮಾತುಕತೆಯೆಲ್ಲ ನನಗೆ ಆಮೇಲೆ ತಿಳಿದದ್ದು. ಪರದೆಯ ಮೇಲೆ ನಾನು ಕಂಡದ್ದು ಚಿಗವ್ವನ ಎತ್ತಿದ ಕೈ, ಅದರ ಸುತ್ತ ಕೆಂಪು ಚೌಕ. ಬೆರಳು "ಅಲ್ಲ" ಎಂಬಲ್ಲಿಗೆ ಹೋಗುತ್ತಿತ್ತು. ಬೆನ್ನ ಹಿಂದೆ ಆನಂದ್ ಸಾರ್ ನಿಂತಿದ್ದರು. "ಯಾಕ ತಡಾ ಮಾಡಾಕತ್ತಿ? ಹೌದು ಒತ್ತು, ಮಬ್ಬ," ಎಂದು ತಾವೇ ಒತ್ತಿದರು.

ಚಿಗವ್ವನನ್ನು ನನ್ನ ಕೋಣೆಗೇ ಕರೆತಂದರು. ನನ್ನನ್ನು ನೋಡಿದಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಸಂಬಂಧಿಕರ ನಿಯಮ ಅವಳಿಗೆ ಗೊತ್ತು. ಉಣ್ಣುವಾಗ ಅಂಗಡಿಯ ಸುದ್ದಿಯನ್ನೆಲ್ಲ ಒದರುವವನು ನಾನೇ ತಾನೇ.

"ಈ ಹುಡುಗ ಯಾರ್ರಿ? ಕಳ್ಳನ್ಹಂಗ ಕುಂತೈತಿ," ಎಂದಳು.

"ಅವನ ಸುದ್ದಿ ಬ್ಯಾಡ," ಎಂದರು ಸಾರ್. "ಬಿಲ್ ಆಗದ ಮೆಣಸಿನಕಾಯಿ ಚೀಲದಾಗ ಹೆಂಗ ಬಂತು?"

"ಹೆಂಗ ಬಂತು ಅಂದ್ರ? ನಾನ ಹಾಕ್ಕೊಂಡೀನಿ."

"ಅಂದ್ರ ಕದ್ದಿ."

"ಒದರಿ ಹೇಳಿ ಯಾರರೆ ಕದೀತಾರೇನ್ರಿ? ಇಡೀ ಅಂಗಡಿ ಕೇಳೂವಂಗ ಒದರೀನಿ. ಹಚ್ಚಿ ಕೇಳ್ರಿ ನಿಮ್ಮ ಟೀವಿ."

ಸಾರ್ ನನ್ನ ಕಡೆ ನೋಡಿದರು. "ಅದಕ್ಕ ಸೌಂಡ್ ಇಲ್ರಿ ಸಾರ್," ಎಂದೆ.

"ಕಿವುಡನ ಸಾಕ್ಷಿ ಮ್ಯಾಲೆ ನ್ಯಾಯಾ ಮಾಡ್ತೀರಲ್ಲ, ಶಭಾಷ್!" ಎಂದಳು ಚಿಗವ್ವ.

ಸಾರ್ ಫೋಟೋ ತೆಗೆಯಲು ಫೋನ್ ಎತ್ತಿದರು. ಚಿಗವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ದನಿ ಇಳಿಯಿತು. "ಸಾಹೇಬ್ರ, ಬೈರಿ. ದಂಡ ಹಾಕ್ರಿ. ಫೋಟೋ ಬ್ಯಾಡ್ರಿ. ನಾನು ಮಂದಿ ಹಿಟ್ಟಿಗೆ ಕೈ ಹಾಕಿ ಬದುಕಾಕಿ."

ನನ್ನ ಚಿಗವ್ವ ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಕಂಡೇ ಇರಲಿಲ್ಲ. ಕೂತ ಕುರ್ಚಿ ಕಾದ ಹಂಚಿನಂತಾಯಿತು. ಎದ್ದು ನಿಂತು, "ಸಾರ್, ಅಕಿ ನಮ್ಮ ಚಿಗವ್ವ," ಎಂದುಬಿಟ್ಟೆ.

"ಸುಳ್ಳು!" ಎಂದಳು ಚಿಗವ್ವ. "ಇಂಥಾ ಮಗ ಇದ್ದಿದ್ರ ಎಂದೋ ಬಾವಿ ನೋಡ್ಕೋತಿದ್ದೆ." ಸಾರ್ ಅವಳನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಹಾಗೆ ಬಿಟ್ಟಿದ್ದರೆ ನಂಬಿಯೂ ಬಿಡುತ್ತಿದ್ದರು. ಆದರೆ ಚಿಗವ್ವನಿಗೆ ಸಿಟ್ಟು ಬಂದರೆ ಆಡುತ್ತಿರುವ ನಾಟಕ ಮರೆತುಹೋಗುತ್ತದೆ. "ನನ್ನ ಒಂದು ಹಿಡಿ ಕೊಸರು ಕಾಣ್ತೈತಿ ನಿಮಗ. ಇವಗ ಎಂಟಕ್ಕ ಹೆಬ್ಬೆಟ್ಟು ಒತ್ತಿಸಿ ಡ್ಯೂಟಿ ಮುಗೀತು ಅಂತೀರಿ, ಚೀಲಾ ತಪಾಸು ಮಾಡೂದು, ಚೀಟಿ ಹಚ್ಚೂದು ಅಂತ ಒಂಬತ್ತರ ತನಕ ದುಡಿಸ್ತೀರಿ. ಬಿಸಿ ರೊಟ್ಟಿ ಆರಿಸ್ಕೊಂಡು ಕುಂದರಾಕಿ ನಾನು. ಹಾಳಾಗೂದರ ಸಲುವಾಗಿ ಅಂತ ರೈತನ ಕಡಿಂದ ಲೋಡಿಗೊಂದು ಬುಟ್ಟಿ ಹೆಚ್ಚಿಗೆ ಇಳಿಸ್ಕೋತೀರಂತ, ಹಾಳಾದ್ರೂ ಇಳಿಸ್ಕೋತೀರಿ, ಆಗದಿದ್ರೂ ಇಳಿಸ್ಕೋತೀರಿ. ಅವೆಲ್ಲಾ ಕೊಸರಲ್ಲೇನು?"

ಉಣ್ಣುವಾಗ ನಾನು ಎಷ್ಟು ಮಾತಾಡುತ್ತೇನೆಂದು ನನಗೆ ಆಗ ತಿಳಿಯಿತು. ಕೆಲಸ ಹೋಯಿತೆಂದು ಯೂನಿಫಾರಂ ಟೋಪಿ ತೆಗೆದು ಮೇಜಿನ ಮೇಲಿಟ್ಟೆ. ಆನಂದ್ ಸಾರ್ ಫೋನ್ ಇಳಿಸಿ ನೆಲ ನೋಡುತ್ತ ನಿಂತರು. ಮನುಷ್ಯನಿಗೆ ನಾಚಿಕೆಯಾಗಿದೆ ಎಂದುಕೊಂಡೆ. ಅವರು ಲೆಕ್ಕ ಹಾಕುತ್ತಿದ್ದರು.

"ಕೊಸರು," ಎಂದರು ಬಾಯಿ ಚಪ್ಪರಿಸಿ. ತೆಲುಗಿನಲ್ಲೂ ಅದೇ ಮಾತು. "ಕೊಸರು ಆಫರ್." ಆಮೇಲೆ ಚಿಗವ್ವನಿಗೆ, "ಮೆಣಸಿನಕಾಯಿ ಬಿಲ್ ಮಾಡಿಸ್ಕೊಂಡು ಹೋಗವ್ವ," ಎಂದರು. ನನಗೆ, "ಟೋಪಿ ಹಾಕ್ಕೋ, ಬೋಳ್ಯಾ," ಎಂದರು. ನಾನು ಬೋಳನಲ್ಲ. ಅದು ಅವರ ಹೆಂಡತಿ ಅವರನ್ನು ಕರೆಯುವ ಹೆಸರಿರಬೇಕು.

ಆ ವಾರ ಮುಗಿಯುವುದರೊಳಗೆ ಅಂಗಡಿಯ ಬಾಗಿಲಿಗೆ ಆಳೆತ್ತರದ ಬ್ಯಾನರು ಬಿತ್ತು. ಅದರಲ್ಲಿ ಚಿಗವ್ವ! ಕೈ ಎತ್ತಿ ಮೆಣಸಿನಕಾಯಿ ತೋರಿಸುತ್ತಿರುವ ಅದೇ ಕ್ಯಾಮೆರಾ ಚಿತ್ರ. ಕೆಂಪು ಚೌಕ ಅಳಿಸಿ ಸುತ್ತ ಚೆಂಡುಹೂವು ಬಿಡಿಸಿದ್ದರು. ಕೆಳಗೆ, ನಮ್ಮಲ್ಲಿ ಕೊಸರು ಉಚಿತ. ಚಿಗವ್ವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಹಿಟ್ಟು ಕೊಡುವವರು, "ಏನ್ ಶರಣಮ್ಮ, ಅಂಗಡಿ ಮಾಲಕಿ ಆದಿ, ರೊಟ್ಟಿ ದರ ಇಳಸ್ತೀಯೋ ಇಲ್ಲೋ?" ಎಂದು ಶುರು ಮಾಡಿದರು. ಅವಳು ಕೇಳಲು ಹೋದರೆ ಸಾರ್ ಬಾಗಿಲ ಪಕ್ಕದ ಚಿಕ್ಕ ಬೋರ್ಡು ತೋರಿಸಿದರು. ಒಳಗೆ ಬಂದವರು ಚಿತ್ರ ತೆಗೆಯಲು ಒಪ್ಪಿದ ಹಾಗಂತೆ. ಬೋರ್ಡು ಇಂಗ್ಲಿಷಿನಲ್ಲಿದೆ. ದಿನಾ ಅದನ್ನು ಒರೆಸುತ್ತಿದ್ದ ನನಗೇ ಗೊತ್ತಿರಲಿಲ್ಲ. ಮನೆಗೆ ಬಂದು ಚಿಗವ್ವ, "ಸೆರಗು ಹರದಿದ್ದು ಊರಿಗೆಲ್ಲಾ ಕಾಣ್ತೈತಿ. ಮಾರಿ ತಗೊಂಡವರು ಒಂದು ಸೀರಿನರೆ ಕೊಡಬಾರದೇನು?" ಎಂದು ತವೆಯ ಮೇಲೆ ಸಿಟ್ಟು ತೀರಿಸಿಕೊಂಡಳು. ಗೋಡೆಗೆ ಹೋಗಬೇಕಿದ್ದ ಮುಖ ಬಾಗಿಲಿಗೆ ಹೋಯಿತು ಎಂದು ನಾನು ಸಮಾಧಾನ ಹೇಳಿದೆ. ಅವತ್ತು ನನಗೆ ಚಟ್ನಿ ಸಿಗಲಿಲ್ಲ.

ಇನ್ನು ಆ ಉಚಿತ ಕೊಸರಿನ ಕಥೆ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ನಾಲ್ಕು ಮೆಣಸಿನಕಾಯಿ, ಮೇಲೊಂದು ಚೀಟಿ. ಮೆಣಸಿನಕಾಯಿ ರೈತನಿಂದ ಹೆಚ್ಚಿಗೆ ಇಳಿಸಿಕೊಂಡ ಬುಟ್ಟಿಯದು. ಕಟ್ಟುವವರು ನಾವು, ಹೆಬ್ಬೆಟ್ಟು ಒತ್ತಿದ ಮೇಲೆ. ಚಿಗವ್ವ ಬೈದದ್ದನ್ನೆಲ್ಲ ಸಾರ್ ಒಂದಕ್ಷರ ಬಿಡದೆ ಜಾರಿಗೆ ತಂದಿದ್ದರು. ಅಂಗಡಿಯ ಗಂಟಿನಿಂದ ಹೋದದ್ದು ಆ ಚೀಟಿ ಒಂದೇ. ನನ್ನ ಪಕ್ಕದಲ್ಲಿ ಪೊಟ್ಟಣ ಕಟ್ಟುತ್ತಿದ್ದ ಯಾದಮ್ಮ, ತನ್ನ ಮುರುಕು ಕನ್ನಡದಲ್ಲಿ, "ನಿಮ್ಮ ಚಿಗವ್ವ ಬಾಯಿ ಮುಚ್ಕೊಂಡಿದ್ರೆ ನಾನು ಇಷ್ಟೊತ್ತಿಗೆ ಬಸ್ಸಲ್ಲಿ ಇರ್ತಿದ್ದೆ," ಎಂದಳು.

ಚಿಗವ್ವನಿಗೂ ಒಂದು ಪೊಟ್ಟಣ ಸಿಕ್ಕಿತು. ಒಡೆದು ಅಂಗೈ ಮೇಲೆ ಸುರಿದುಕೊಂಡಳು. "ನಾಕ ಕಾಯಿ! ಇದಕ್ಕ ನನ್ನ ಮಾರಿ ಹಚ್ಚ್ಯಾರೇನು? ಅಳದು ಕೊಟ್ರ ಅದು ಕೊಸರ ಹೆಂಗಾಕ್ಕೈತಿ? ಯಾವ ಜುಗ್ಗ ಕಟ್ಟ್ಯಾನ ಇದನ್ನ?" ಎಂದಳು. ಜುಗ್ಗ ತಲೆ ತಗ್ಗಿಸಿ ರೊಟ್ಟಿ ತಿಂದ.

ಮರುದಿನ ಪೊಟ್ಟಣ ಕಟ್ಟುವಾಗ ನನ್ನ ಕೈ ನನ್ನ ಮಾತು ಕೇಳಲಿಲ್ಲ. ನಾಲ್ಕಾದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಲೇ ಹೋಯಿತು. ಯಾದಮ್ಮ ನೋಡಿದಳು, ಪೊಟ್ಟಣದ ಬಾಯಿ ಇನ್ನಷ್ಟು ಅಗಲ ಮಾಡಿ ಹಿಡಿದಳು. ಅದರ ಮಾರನೆಯ ದಿನ ಆನಂದ್ ಸಾರ್ ಕ್ಯಾಮೆರಾ ಕೋಣೆಗೆ ಬಂದರು. ಪರದೆಯ ಮೇಲೆ ಕೆಂಪು ಚೌಕ. ಅದರೊಳಗೆ ಒಂದು ಕೈ, ಪೊಟ್ಟಣಕ್ಕೆ ಹಿಡಿಗಟ್ಟಲೆ ಮೆಣಸಿನಕಾಯಿ ತುಂಬುತ್ತಿದೆ. ಉಳಿದ ಆಸಾಮಿ ಬುಟ್ಟಿಗಳ ಮರೆಯಲ್ಲಿ.

"ಯಾರ ಕೈ ಇದು?" ಎಂದರು.

ನಾನು ಮುಂದೆ ಬಾಗಿ ನೋಡಿದೆ. ನನ್ನ ಕೈಗಳನ್ನು ಎಲ್ಲಾದರೂ ಅಡಗಿಸೋಣವೆಂದರೆ ಜೇಬಿಲ್ಲ. ತೊಡೆಯ ಕೆಳಗಿಟ್ಟು ಕೂತೆ. "ಮಾರಿ ಕಾಣವಲ್ದು ಸಾರ್."

"ಹಂಗಾದ್ರ ಹಿಡಿ ಅವನ್ನ. ಸಿಗೂತನಕ ದಿನಾ ಡ್ಯೂಟಿ ಮುಗಿದ ಮ್ಯಾಲೆ ಅರ್ಧ ತಾಸು ಕುಂತು ಹುಡುಕು."

"ಅದಕ್ಕ ಪಗಾರ, ಸಾರ್?"

ಸಾರ್ ಬಾಗಿಲ ತನಕ ಹೋಗಿ ತಿರುಗಿ ನಕ್ಕರು. "ಅದು ಕೊಸರು," ಎಂದರು.

ಅವತ್ತಿನಿಂದ ದಿನಾ ಅರ್ಧ ತಾಸು ಕೂತು ನನ್ನನ್ನೇ ಹುಡುಕುತ್ತಿದ್ದೇನೆ. ಆಸಾಮಿ ಭಾರೀ ಚಾಲಾಕಿ, ಇನ್ನೂ ಸಿಕ್ಕಿಲ್ಲ. ಕುರ್ಚಿಯಂತೂ ಮೆತ್ತಗಿದೆ.