ಇದ್ದಿಲ ಕಾರು ಹೊರಡದ ದಿನಗಳು

ನನ್ನ ಬಾಡಿಗೆ ಕಾರಿಗೆ ಹೊರಡುವ ಮನಸ್ಸಿಲ್ಲದ ದಿನಗಳು ತಿಂಗಳಿಗೆ ನಾಲ್ಕಾದರೂ ಇರುತ್ತಿದ್ದವು. ಕಾರಣ ಹೇಳುವವರಿಗೆ ಮಾತ್ರ ಹೊಸೂರಿನಲ್ಲಿ ಯಾವತ್ತೂ ಕೊರತೆ ಇರಲಿಲ್ಲ. ಯುದ್ಧದ ಕಾಲ, ಪೆಟ್ರೋಲ್ ಸಿಗದೆ ಕಾರಿನ ಹಿಂದೆ ಹಂಡೆಯಂಥ ಒಲೆ ಕಟ್ಟಿಸಿದ್ದೆ. ಅದರಲ್ಲಿ ಇದ್ದಿಲು ಉರಿಸಿದರೆ ಬರುವ ಗ್ಯಾಸಿನಿಂದ ಇಂಜಿನ್ ಓಡಬೇಕು. ಹೋಟೆಲು ನಡೆಸಿ ನಾನೇ ಕೊಂಡ ಕಾರು. ಆದ್ದರಿಂದ ಅದು ನಿಂತರೆ ತಪ್ಪು ಡ್ರೈವರನದೇ ಇರಬೇಕು ಎಂದು ತೀರ್ಮಾನಿಸಿದ್ದೆ.

೧. ಪುಸ್ತಕ

ದಿನಸಿ ಕಟ್ಟಿದ ಕಾಗದಗಳಲ್ಲಿ ಅಕ್ಷರ ಕಲಿತವಳು ನಾನು. ಮೋಟಾರಿನ ಪುಸ್ತಕವೊಂದು ಸಿಕ್ಕಾಗ ಮೂರು ಸಲ ಓದಿದೆ. ಒಂದು ಬೆಳಿಗ್ಗೆ ಕಾರು ಹೊರಡಲಿಲ್ಲ. ಡ್ರೈವರ್ ಹ್ಯಾಂಡಲ್ ತಿರುಗಿಸಿ ಬೆವರುತ್ತಿದ್ದ. ನಾನು ಪುಸ್ತಕ ಬಿಡಿಸಿದೆ.

"ಮೊದಲು ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ನೋಡಬೇಕಂತೆ. ನೋಡು."

"ಅದಿದ್ದಿದ್ರೆ ಈ ಹಂಡೆ ಯಾಕೆ ಹೊತ್ಕಂಡು ತಿರುಗ್ತಿದ್ವಿ, ಅಕ್ಕ?" ಎಂದ.

೨. ಆಯುಧಪೂಜೆ

ಪೂಜೆಯ ಮಾರನೆಯ ದಿನ ಕಾರು ಮತ್ತೆ ಮೊಂಡು ಹಿಡಿಯಿತು. ಒಳಗೆ ಕೂತಿದ್ದ ಕೆಲಮಂಗಲದ ತರಕಾರಿ ಸಾಹುಕಾರರು ದೃಷ್ಟಿಯಾಗಿದೆ ಎಂದು ಚಕ್ರದಡಿ ನಿಂಬೆಹಣ್ಣು ಇಡಿಸಿದರು. ಮೂರು ಹಣ್ಣು ಇಟ್ಟರೂ ಕಾರು ಅಲುಗಲಿಲ್ಲ. ಹಿಂದೆ ಹೋಗಿ ನೋಡಿದೆ. ಹಂಡೆಗೆ ಹಾಕಿದ್ದ ಚೆಂಡುಹೂವಿನ ಹಾರ ಗಾಳಿ ಎಳೆಯುವ ತೂತಿನೊಳಗೇ ಸೇರಿಕೊಂಡು ಉಸಿರು ಕಟ್ಟಿಸಿತ್ತು. ಪೂಜೆಯ ಹೂವೆಂದು ಡ್ರೈವರ್ ಮುಟ್ಟಿರಲಿಲ್ಲ. ನಾನೇ ಕಿತ್ತೆ. ಕಾರು ಹೊರಟಿತು.

"ನೋಡಿದ್ರೇನಮ್ಮ," ಎಂದರು ಸಾಹುಕಾರರು, "ಮೂರನೇ ಹಣ್ಣು ಕೆಲ್ಸ ಮಾಡ್ತು."

ಡ್ರೈವರನಿಗೆ ಮಾತ್ರ ಹೇಳಿಬಿಟ್ಟೆ: "ಇನ್ನೊಂದು ಸಲ ನಿಂತರೆ ನಿನಗೆ ಈ ಕೆಲಸವಿಲ್ಲ." ಅವನ ಮನೆಯಲ್ಲಿ ಐದು ಜನ ಅವನನ್ನೇ ನಂಬಿದ್ದರು.

೩. ಹೆಣ್ಣು ನೋಡಲು

ಮತ್ತಿಗಿರಿಯ ಕುಟುಂಬವೊಂದು ತಳಿ ಊರಿಗೆ ಹೆಣ್ಣು ನೋಡಲು ಹೊರಟಿತ್ತು. ರಾಹುಕಾಲಕ್ಕೆ ಮುಂಚೆ ಊರು ಬಿಡಬೇಕು. ಹಂಡೆಯಿಂದ ಬರೀ ಬಿಳಿ ಹೊಗೆ ಬಂತು, ಇಂಜಿನ್ ಕೆಮ್ಮಿ ಸುಮ್ಮನಾಯಿತು. ಗಂಡು ಗಡಿಯಾರ ನೋಡಿದ. ಬೀದಿಯವರೆಲ್ಲ ನನ್ನನ್ನು ನೋಡಿದರು.

"ನಾಳೆಯಿಂದ ಬರಬೇಡ," ಎಂದೆ ಡ್ರೈವರನಿಗೆ, ಎಲ್ಲರಿಗೂ ಕೇಳಿಸುವಂತೆ.

ಅವನು ಇದ್ದಿಲ ಚೀಲದೊಳಗೆ ಕೈಹಾಕಿ ಒಂದು ತುಂಡು ತಂದು ನನ್ನ ಅಂಗೈಗಿಟ್ಟ. ತಣ್ಣಗಿತ್ತು, ಒದ್ದೆಯಾಗಿತ್ತು. ಹಿಂದಿನ ದಿನ ಹೋಟೆಲಿನ ಒಲೆಯಲ್ಲಿ ಉಳಿದ ಕೆಂಡ ದಂಡವಾಗಬಾರದೆಂದು ನಾನೇ ನೀರು ಚೆಲ್ಲಿ ಆರಿಸಿ, ಒಣಗಿಸದೆ ಚೀಲಕ್ಕೆ ತುಂಬಿದ್ದೆ.

ಗಂಡಿನ ತಾಯಿ ಬಗ್ಗಿ ನೋಡಿದರು. "ಇದು ಒಲೆಗೇ ಹತ್ತಾಕಿಲ್ಲ, ಕಾರಿಗೆ ಹತ್ತೀತೇನಮ್ಮ? ಯಾವಳು ಆ ಪುಣ್ಯಾತ್ಗಿತ್ತಿ, ನೀರು ಸುರಿದು ತುಂಬಿರೋಳು?"

ನಾನು ಪುಸ್ತಕ ಬಿಡಿಸಿ, ಬಹಳ ಗಮನವಿಟ್ಟು ಓದತೊಡಗಿದೆ.

ಡ್ರೈವರ್ ಕೈ ಒರೆಸಿಕೊಂಡು ಹತ್ತಿರ ಬಂದು, ತುಂಬ ಮರ್ಯಾದೆಯಿಂದ, ನನಗೊಬ್ಬಳಿಗೇ ಕೇಳಿಸುವಂತೆ ಅಂದ:

"ಹಂಗಾದ್ರೆ ಅಕ್ಕ, ನಾಳೆಯಿಂದ ನಮ್ಮಿಬ್ರಲ್ಲಿ ಬರಬಾರದವ್ರು ಯಾರು?"