ಕೆರಾಡಿ ಬಸ್ಸಿನ ಎಡಗಣ್ಣು

ಮಗು ಏನಾದರೂ ನುಂಗಿಬಿಟ್ಟರೆ ಎಂಬ ಚಿಂತೆ ಶ್ರಾವ್ಯಳನ್ನು ನೆರಳಿನ ಹಾಗೆ ಹಿಂಬಾಲಿಸುತ್ತಿತ್ತು. ನೆರಳಾದರೂ ನಡುಮಧ್ಯಾಹ್ನ ಕಾಲಡಿಗೆ ಹೋಗಿ ಸುಮ್ಮನಾಗುತ್ತದೆ. ಇದಕ್ಕೆ ಆ ಬಿಡುವೂ ಇಲ್ಲ.

ಮಗಳು ಪದ್ದು ಅಂಬೆಗಾಲಿಟ್ಟ ದಿನದಿಂದ ಜಗತ್ತಿನ ಸಕಲ ವಸ್ತುಗಳೂ ಶ್ರಾವ್ಯಳ ಕಣ್ಣಿಗೆ ಎರಡೇ ಜಾತಿಯಾಗಿ ಕಂಡವು: ಮಗುವಿನ ಬಾಯಲ್ಲಿ ಹಿಡಿಯುವವು, ಹಿಡಿಯದವು. ಕುಕ್ಕರ್ ಹಿಡಿಯುವುದಿಲ್ಲ, ಅದರ ವಿಷಲ್ ಹಿಡಿಯುತ್ತದೆ. ಮಾವ ಚಂದಯ್ಯನವರು ಹಿಡಿಯುವುದಿಲ್ಲ, ಅವರ ಅಂಗಿಯ ಗುಂಡಿ ಹಿಡಿಯುತ್ತದೆ. (ಆದ್ದರಿಂದ ಮೊಮ್ಮಗಳನ್ನು ಎತ್ತಿಕೊಳ್ಳುವ ಮುನ್ನ ಮಾವ ಅಂಗಿ ಕಳಚತಕ್ಕದ್ದು ಎಂಬ ಕಾನೂನು ಮನೆಯಲ್ಲಿ ಜಾರಿಯಾಗಿತ್ತು. ತಲ್ಲೂರಿನ ಸೆಕೆಗೆ ಅವರಿಗೂ ಅದು ಹಿತವಾಗಿಯೇ ಇತ್ತು.)

ಇಂಥ ಮನೆಯಲ್ಲಿ ಗಂಡನಾದವನಿಗೆ ಯಾವ ಹವ್ಯಾಸ ಇರಬಾರದೋ ಅದೇ ಹವ್ಯಾಸ ಉಲ್ಲಾಸನಿಗಿತ್ತು. ಬೈಂದೂರಿನಲ್ಲಿ ಹೋಟೆಲು ನಡೆಸುವ ಈ ಪುಣ್ಯಾತ್ಮ, ಬಿಡುವು ಸಿಕ್ಕಿದಾಗಲೆಲ್ಲ ಮಕ್ಕಳಾಡುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಸಿಕ್ಕಿಸುತ್ತ ಕೂರುತ್ತಿದ್ದ. ಪೆಟ್ಟಿಗೆಯ ಜೊತೆ ಬರುವ ಚಿತ್ರ ನೋಡಿ ಕಟ್ಟುವವರನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ. ಅವರದು ಅನುವಾದವಂತೆ, ತನ್ನದು ಸ್ವಂತ ಕೃತಿಯಂತೆ! ಆ ಸ್ವಂತ ಕೃತಿಯೇ ತಾನು ಶಾಲೆಗೆ ಹೋಗುತ್ತಿದ್ದ, ಕೆರಾಡಿ ಊರಿನ ಹಳೆಯ ಬಸ್ಸಿನ ಪುಟ್ಟ ಪ್ರತಿರೂಪ. ಹಿಂದುಗಡೆ ಏಣಿ, ಮಾಡಿನ ಮೇಲೆ ಕ್ಯಾರಿಯರ್, ಬಾಗಿಲಲ್ಲಿ ಒಂದೇ ಕೈಯಲ್ಲಿ ಜೋತುಬಿದ್ದ ಕಂಡಕ್ಟರ್, ಎದುರಿಗೆ ಹೊಳೆಯುವ ಎರಡು ಹೆಡ್‌ಲೈಟು. ಬರುವ ಭಾನುವಾರ ಮಂಗಳೂರಿನಲ್ಲಿ ಇಂಥ ಇಟ್ಟಿಗೆಪ್ರಿಯರೆಲ್ಲ ಸೇರಿ ಪ್ರದರ್ಶನ ಇಡುವವರಿದ್ದರು. ಕೆರಾಡಿ ಬಸ್ಸಿಗೆ ಅಲ್ಲಿ ಒಂದು ಮೇಜು ಗೊತ್ತಾಗಿತ್ತು. ಅಲ್ಲಿಯವರೆಗೆ ಬಸ್ಸಿನ ಕೋಣೆಗೆ ಚಿಲಕ, ಮಗುವಿಗೆ ಪ್ರವೇಶವಿಲ್ಲ.

ಅಂದು ಬೆಳಿಗ್ಗೆ ಉಲ್ಲಾಸ ಬೈಂದೂರಿಗೆ ಹೊರಟ ಮೇಲೆ, ಕೋಣೆಯಲ್ಲಿ ಚೂರುಪಾರು ಬಿದ್ದಿದೆಯೋ ಎಂದು ಪರೀಕ್ಷಿಸಲು ಶ್ರಾವ್ಯ ಚಿಲಕ ತೆಗೆದಳು. (ಅಪಾಯ ತಪ್ಪಿಸಲು ತೆಗೆದದ್ದು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.) ಅಷ್ಟರಲ್ಲಿ ಒಲೆಯ ಕಡೆಯಿಂದ ಹಾಲು ಸೀದ ವಾಸನೆ ಬಂತು. ಓಡಿದಳು. ತಿರುಗಿ ಬಂದಾಗ ಪದ್ದು ಬಸ್ಸಿನ ಎದುರು ಕುಕ್ಕರಗಾಲಲ್ಲಿ ಕುಳಿತು ಬಾಯಿ ಆಡಿಸುತ್ತಿದ್ದಳು.

ಬಸ್ಸಿಗೆ ಬಲಗಣ್ಣು ಇತ್ತು. ಎಡಗಣ್ಣು ಇರಲಿಲ್ಲ.

ಶ್ರಾವ್ಯ ಧಾವಿಸಿ ಮಗುವನ್ನು ಎತ್ತಿಕೊಂಡಳು. ಮಗುವಿನ ಬಾಯಿಗೆ ಬೆರಳು ಹಾಕಿದಳು. ಸಿಕ್ಕಿದ್ದು ಹಪ್ಪಳದ ಚೂರು. ಚಾಪೆ ಕೊಡವಿದಳು, ಮೂಲೆ ಗುಡಿಸಿದಳು, ಮಗುವನ್ನೇ ತಲೆಕೆಳಗಾಗಿ ಹಿಡಿದಳು. ಪದ್ದು ಕಿಲಕಿಲ ನಕ್ಕಳೇ ಹೊರತು ಏನೂ ಉದುರಲಿಲ್ಲ.

"ಅತ್ತೇ! ಮಗು ಲೈಟು ನುಂಗಿದೆ!"

ಅಂಗಳ ಗುಡಿಸುತ್ತಿದ್ದ ಅತ್ತೆ ಪ್ರಭಾವತಿ ಹಿಡಿಸೂಡಿ ಸಮೇತ ಬಂದರು. "ಎಂತ ಹೆಣ್ಣೇ? ಯಾವ್ ಲೈಟ್?"

"ಬಸ್ಸಿಂದು ಅತ್ತೆ! ಗುಂಡಗೆ, ಇಷ್ಟು ದಪ್ಪ, ಪ್ಲಾಸ್ಟಿಕ್ಕು!"

"ಅಷ್ಟೆಯಾ? ಎರ್ಡ್ ಬಾಳಿಹಣ್ಣ್ ತಿನ್ಸ್. ಒಳ್ಗ್ ಹೋದ್ದ್ ಹೊರ್ಗ್ ಬರ್ದೆ ಎಲ್ಲಿಗ್ ಹೋತ್ತ್? ಉಲ್ಲಾಸ ಸಣ್ಣವ ಇಪ್ಪೊತ್ತಿಗೆ ನಾಕಾಣಿ ನುಂಗಿದ್ದ. ಮರ್ದಿನ ಬಂತ್. ತೊಳ್ದ್ ಕೊಟ್ರೆ ಅಂಗ್ಡಿಯವ್ರೂ ತಕಂಡ್ರ್."

"ಅತ್ತೆ, ತಮಾಷೆ ಬೇಡ..."

"ಹೆದ್ರಬೇಡ ಮಾರಾಯ್ತಿ. ಉಲ್ಲಾಸಂಗೊಂದ್ ಫೋನ್ ಮಾಡ್."

"ಅಯ್ಯೋ ಬೇಡ ಅತ್ತೆ! ದಮ್ಮಯ್ಯ, ಅವರಿಗೆ ಗೊತ್ತಾಗೋದು ಬೇಡ!"

ಕಾರಣವಿತ್ತು. ಹಿಂದಿನ ದಿನವಷ್ಟೇ, ಹೋಟೆಲಿನಲ್ಲಿ ಊಟದ ಗದ್ದಲ ತುಂಬಿ ತುಳುಕುವ ಹೊತ್ತಿಗೆ, ಪದ್ದು ಸೀನಿದಳೆಂದು ಅವಳು ಫೋನ್ ಮಾಡಿದ್ದಳು. "ಅದ್ ಸೀನ್ರೆ ನಾ ಬೈಂದೂರಿಂದ ಮೂಗ್ ಒರ್ಸುಕಾತ್ತಾ?" ಎಂದಿದ್ದ. ಇನ್ನು ಮೇಲೆ ಮಗುವಿನ ವಿಷಯಕ್ಕೆ ನಿಮಗೆ ಫೋನ್ ಮಾಡಿದರೆ ಕೇಳಿ ಎಂದು ಇವಳೂ ಪ್ರತಿಜ್ಞೆ ಮಾಡಿದ್ದಳು. ಅದರ ಮೇಲೆ ಚಿಲಕ ತೆಗೆದಿಟ್ಟವಳು ಬೇರೆ ತಾನೇ. ಯಾವ ಬಾಯಲ್ಲಿ ಹೇಳುವುದು?

ಕುಂದಾಪುರದ ಮಕ್ಕಳ ಡಾಕ್ಟರು ಪದ್ದುವಿನ ಎದೆಗೆ ಕೊಳವೆ ಇಟ್ಟರು, ಹೊಟ್ಟೆ ಒತ್ತಿದರು. ಪದ್ದು ಅವರ ಕನ್ನಡಕ ಕಿತ್ತುಕೊಂಡಳು.

"ನುಂಗಿದ್ದ್ ಯಾರ್ ಕಂಡದ್ದ್?"

"ಯಾರೂ ನೋಡಿಲ್ಲ ಡಾಕ್ಟ್ರೇ. ಆದರೆ ಬಸ್ಸಲ್ಲಿ ಇಲ್ಲ. ಎಕ್ಸ್‌ರೇ ತೆಗೀತೀರಾ?"

"ಪ್ಲಾಸ್ಟಿಕ್ ಅದ್ರಲ್ಲಿ ಕಾಂತಿಲ್ಲೆ ಅಮ್ಮ. ಉಸಿರಾಟ ಸರಿ ಇತ್ತ್, ಹೊಟ್ಟಿ ಮೆತ್ತಗಿತ್ತ್. ವಾಂತಿ, ಕೆಮ್ಮು ಶುರುವಾದ್ರೆ ಕೂಡ್ಲೇ ಬನ್ನಿ. ಇಲ್ದಿದ್ರೆ ಕಾದ್ ಕಾಣಿ."

ಎಲ್ಲಿ ಕಾದು ಕಾಣಬೇಕೆಂದು ಅವರು ಬಿಡಿಸಿ ಹೇಳಲಿಲ್ಲ. ತಾಯಂದಿರಿಗೆ ಹೇಳಬೇಕಾಗಿಯೂ ಇಲ್ಲ.

ಮನೆಗೆ ಬಂದು ಶ್ರಾವ್ಯ ಕಾದಳು. ಎಕ್ಸ್‌ರೇಯಲ್ಲೂ ಕಾಣದ ವಸ್ತು! ಕಾಣುವ ಶತ್ರುವಾದರೆ ಹೊಡೆದಾಡಬಹುದು. ಇದು ಕತ್ತಲ ಹೊಟ್ಟೆಯಲ್ಲಿ ಯಾವ ತಿರುವಿನಲ್ಲಿ ಕೆಟ್ಟು ನಿಂತಿದೆಯೋ. ಮಗು ಆಡಿದರೂ ಹೆದರಿಕೆ, ಮಲಗಿದರೂ ಹೆದರಿಕೆ. ಮಲಗಿದ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿ ನೋಡಿ, ಕೊನೆಗೆ ಮಗುವಿಗೆ ಕಚಗುಳಿಯಾಗಿ ಎಚ್ಚರವೇ ಆಯಿತು. ಎಚ್ಚರವಾದದ್ದೇ ತಡ, ಬಿಕ್ಕಳಿಕೆ ಶುರು.

ಹಿಕ್ ಎಂದಾಗಲೆಲ್ಲ ಹೊಟ್ಟೆಯೊಳಗಿಂದ ಬಸ್ಸೇ ಹಾರ್ನ್ ಹೊಡೆದಂತೆ ಅವಳಿಗೆ ಕೇಳಿಸಿತು.

"ಅತ್ತೇ, ಮೇಲೆ ಬರ್ತಿದೆ! ಗಂಟಲಿಗೆ ಬರ್ತಿದೆ!"

ಕುಡಿಯುವ ನೀರಿಗೆ ಓಡುತ್ತಲೇ ಪ್ರಭಾವತಿ ಹೇಳಿದರು: "ಹೋಯಿ ಹಾಯ್ಗುಳಿಗ್ ಒಂದ್ ಹರಕೆ ಹೇಳ್. ನೀ ಹೆತ್ತ ಅಬ್ಬಿ, ನೀನೇ ಹೇಳ್ಕ್."

ಹಾಯ್ಗುಳಿ ಆ ಮನೆಯ ದೈವ. ಹಿತ್ತಲಿನ ಮರದಡಿ ಪುಟ್ಟ ಗುಡಿ. ಆ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಹರಕೆಯ ಅಳತೆ ಗೊತ್ತು. ತಲೆನೋವಿಗೆ ಹೂವು, ಜ್ವರಕ್ಕೆ ಎಳನೀರು, ತೀರ ಜಾಗದ ತಕರಾರಿಗೆ ಕೋಳಿ. ದೈವಕ್ಕೂ ಬೇಸರವಾಗಬಾರದು, ಮನೆಯೂ ಬರಿದಾಗಬಾರದು. ಬೆಂಗಳೂರಿನಲ್ಲಿ ಓದಿದ ಶ್ರಾವ್ಯಳಿಗೆ ಈ ಲೆಕ್ಕಾಚಾರವನ್ನು ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಅವಳು ಗುಡಿಯ ಮುಂದೆ ಮೊಣಕಾಲೂರಿ, ಹಿತ್ತಲು ಮೊಳಗುವಂತೆ ಕೂಗಿದಳು:

"ಮಗು ಹುಷಾರಾಗಿದ್ದು ಆ ಲೈಟು ಸಿಕ್ಕಿಬಿಟ್ರೆ, ಇಡೀ ಬಸ್ಸನ್ನೇ ನಿನಗೆ ಕೊಡ್ತೀನಪ್ಪಾ!"

ಜಗಲಿಯಲ್ಲಿ ಬರಿಮೈಯಲ್ಲಿ ಕುಳಿತಿದ್ದ ಚಂದಯ್ಯನವರು ಪೇಪರು ಕೆಳಗಿಟ್ಟರು. ಒಳಗೆ ನೀರು ಕುಡಿದ ಪದ್ದುವಿನ ಬಿಕ್ಕಳಿಕೆ ನಿಂತಿತ್ತು.

"ಒಂದ್ ಹಿಡಿ ಹೂವಿಗ್ ಆಪು ಕೆಲ್ಸಕ್ಕೆ ಬಸ್ಸ್ ಕೊಟ್ಳಲೆ!" ಎಂದರು ಅವರು, ಹೆಂಡತಿಯ ಕಡೆ ತಿರುಗಿ. "ಅದೂ ಅವ್ನ ಬಸ್ಸ್!"

ಶ್ರಾವ್ಯಳಿಗೆ ಆಗ ಎಚ್ಚರವಾಯಿತು. "ಮಾವ, ಬೇಕಾದ್ರೆ ಬದಲಿಗೆ ಬೆಳ್ಳಿಯದು ಏನಾದ್ರೂ..."

"ಹರಕೆ ಬಾಯಿಂದ ಬಿದ್ದ್ ಮೇಲೆ ಬದ್ಲ್ ಮಾಡುಕಿಲ್ಲ ಮಗಾ. ಹೇಳಿದ ವಸ್ತು ನಮ್ಮ ಹಿತ್ಲ್ ದಾಟುಕೂ ಇಲ್ಲ. ವರ್ಷದ ಪೂಜಿ ದಿನ ಒಪ್ಸುದ್."

"ಆದರೆ ಭಾನುವಾರ ಮಂಗಳೂರಿಗೆ..."

"ಲೈಟ್ ಸಿಕ್ರೆ ಅಲ್ದಾ ನೀ ಹೇಳದ್ದ್? ಸಿಕ್ಕುದ್ ಬೇಡ ಅಂದ್ ಬೇಡ್ಕಂತ್ಯಾ ಈಗ?"

ಲೈಟು ಸಿಕ್ಕಿದರೆ ಗಂಡನ ಬಸ್ಸು ಹೋಯಿತು. ಸಿಗದಿದ್ದರೆ? ಆ ಯೋಚನೆಯನ್ನು ಶ್ರಾವ್ಯ ಪೂರ್ತಿ ಮಾಡಲಿಲ್ಲ. ಮಗುವನ್ನು ಅವುಚಿಕೊಂಡು ಲೈಟೇ ಸಿಗಲಪ್ಪಾ ಎಂದಳು. ಅಷ್ಟರಲ್ಲಿ ಅತ್ತೆ ಬಸ್ಸಿನ ಹಣೆಗೆ ಕುಂಕುಮ ಹಚ್ಚಿ, ಕ್ಯಾರಿಯರಿನ ಮೇಲೆ ಅಡಿಕೆ ಹಿಂಗಾರದ ಎಸಳಿಟ್ಟಾಗಿತ್ತು. ಒಕ್ಕಣ್ಣಿನ ಬಸ್ಸು ಸಾಕ್ಷಾತ್ ದೈವದ ಸೊತ್ತಿನ ಹಾಗೆಯೇ ದುರುಗುಟ್ಟಿ ನೋಡಿತು.

ಸಂಜೆಯ ಹೊತ್ತಿಗೆ ಬಾಳೆಹಣ್ಣು ತನ್ನ ಕೆಲಸ ಮಾಡಿತು. ಶ್ರಾವ್ಯ ಮೂಗು ಕಟ್ಟಿಕೊಂಡು ಕಡ್ಡಿ ಹಿಡಿದು ನಡೆಸಿದ ಶೋಧನೆಯ ವಿವರ ಇಲ್ಲಿ ಬೇಡ. ಲೈಟು ಇರಲಿಲ್ಲ.

ಹಾಗಾದರೆ ಇನ್ನೂ ಒಳಗೇ ಇದೆ! ಪ್ರತಿಜ್ಞೆ, ಚಿಲಕ, ಹರಕೆ, ಮಾನ ಎಲ್ಲವನ್ನೂ ಪಕ್ಕಕ್ಕಿಟ್ಟು ಕೈ ತೊಳೆದು ಫೋನ್ ಎತ್ತಿಕೊಂಡಳು.

"ನಮ್ಗೂ ಕೇಂಬಾಂಗೆ ಇಡ್," ಎಂದರು ಅತ್ತೆ. ಸ್ಪೀಕರ್ ಹಾಕಿದಳು.

"ರೀ... ಬಸ್ಸಿನ ಎಡಗಡೆ ಹೆಡ್‌ಲೈಟು ಕಾಣ್ತಿಲ್ಲ. ಮಗು... ನುಂಗಿಬಿಟ್ಟಿದೆ ರೀ. ಬೆಳಿಗ್ಗೆಯಿಂದ..." ಮುಂದಿನದು ಅಳುವಾಯಿತು.

"ಎಡದ್ದಾ?" ಎಂದ ಉಲ್ಲಾಸ. "ಅದ್ ನನ್ನ ಅಂಗಿ ಕಿಸೆಲಿತ್ತ್ ಮಾರಾಯ್ತಿ! ಗೀರ್ ಬಿದ್ದಿತ್ತ್. ಹಾಂಗಿದ್ದೇ ಮತ್ತೊಂದ್ ಸಿಕ್ಕುತ್ತಾ ಕಾಂಬ ಅಂದ್ ಬೆಳಿಗ್ಗೆ ತೆಗ್ದ್ ತಕಂಡ್ ಬಂದೆ. ಆಗ್ಲೇ ಒಂದ್ ಫೋನ್ ಮಾಡುಕ್ ಎಂತ ಆಯಿತ್ ನಿಂಗೆ?"

ಶ್ರಾವ್ಯ ಪದ್ದುವಿನ ಹೊಟ್ಟೆಗೆ ಮುತ್ತಿಟ್ಟಳು. ಖಾಲಿ ಹೊಟ್ಟೆ, ಬರೀ ಬಾಳೆಹಣ್ಣಿನ ನಿರಪರಾಧಿ ಹೊಟ್ಟೆ! ಇಡೀ ದಿನದಲ್ಲಿ ಮೊದಲ ಬಾರಿಗೆ ಅವಳ ಉಸಿರು ಪೂರ್ತಿಯಾಗಿ ಒಳಗೆ ಹೋಯಿತು. ಆಮೇಲೆ ತಲೆಗೂ ಹೊಳೆಯಿತು: ಮಗು ನುಂಗಿಯೇ ಇಲ್ಲ ಎಂದಾದರೆ, ಹರಕೆಯೂ ಇಲ್ಲ!

ಅದನ್ನೇ ಹೇಳಲು ತಿರುಗಿದರೆ, ಪ್ರಭಾವತಿ ಹಿತ್ತಲ ಕಡೆ ಮುಖ ಮಾಡಿ ಕೈ ಮುಗಿದು ನಿಂತಿದ್ದರು. ಕಣ್ಣಲ್ಲಿ ನೀರು.

"ಕಂಡ್ಯಾ! ಹೆಣ್ಣಿನ ಹೊಟ್ಟಿಯಿಂದ ತೆಗ್ದ್ ಅಪ್ಪನ ಕಿಸಿಗ್ ಹಾಕ್ತ್! ಅದೂ ಬೈಂದೂರಿಗೆ!"

"ಅತ್ತೆ, ಅದು ಬೆಳಿಗ್ಗೆಯಿಂದಲೂ ಅಲ್ಲೇ ಇತ್ತು! ನಾನು ಹರಕೆ ಹೇಳೋಕೆ ಮುಂಚೇನೇ!"

"ಅದೇ ಕಾಣ್! ನೀ ಹೇಳುಕ್ ಮುಂಚೆಯೇ ಮಾಡಿ ಮುಗ್ಸಿತ್! ಎಂಥಾ ಕಾರ್ಣಿಕ ದೈವದ್ದ್!"

"ಲೈಟ್ ಸಿಕ್ಕಿತ್," ಎಂದರು ಚಂದಯ್ಯನವರು, ತೀರ್ಪು ಕೊಡುವ ಧಾಟಿಯಲ್ಲಿ. "ಇನ್ ಮಾತಿಲ್ಲೆ."

"ಹ್ವಾಯ್, ಯಾವ ಹರಕೆ?" ಫೋನಿನೊಳಗಿಂದ ಉಲ್ಲಾಸ ಕೇಳುತ್ತಿದ್ದ. "ಯಾರ್ ಹೇಳದ್ದ್? ಅಮ್ಮ ಎಂತ ಹೇಳ್ತಾ ಇತ್ತ್? ಶ್ರಾವ್ಯ, ಬಸ್ಸ್ ಸರಿ ಇತ್ತಲೆ? ಮಂಗ್ಳೂರಿಗ್ ತಕಂಡ್ ಹೋಪುಕೆ ಈಗಷ್ಟೇ ದೊಡ್ಡ ಪೆಟ್ಟಿಗಿ ತಂದಿಟ್ಟೆ."

ಶ್ರಾವ್ಯ ಕುಂಕುಮ ಹಚ್ಚಿಕೊಂಡ ಬಸ್ಸನ್ನು ನೋಡಿದಳು. ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಬಸ್ಸು ಚೆನ್ನಾಗೇ ಇದೆ ರೀ," ಎಂದಳು. "ಮೊದಲು ನೀವೊಂದು ಕಡೆ ಕೂತ್ಕೊಳ್ಳಿ."