ಮಿಲ್ಟ್ರಿ ಅಜ್ಜನ ಕಣ್ಣಲ್ಲಿ ನಾನು

ಯಾರೂ ಬಾರದ ಜಾಗದಲ್ಲಿ ಏನೂ ನಡೆಯುವುದಿಲ್ಲ ಎಂದುಕೊಂಡವರು ಒಂದು ವಾರ ಶಿಕಾರಿಪುರದ ನಮ್ಮ ಮ್ಯೂಸಿಯಮ್ಮಿಗೆ ಬಂದು ಕೂರಬೇಕು. ಎರಡು ಕೋಣೆ, ಒಂದು ಅಂಗಳ, ಅಂಗಳದ ತುಂಬ ವೀರಗಲ್ಲು, ಉಸ್ತುವಾರಿಗೆ ನಾನು. ದಿನಾ ಏನಾದರೊಂದು ಆಗುತ್ತಲೇ ಇರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಸಲ ಪೆದ್ದನಾಗುವವನು ನಾನೇ. ಅದನ್ನೆಲ್ಲ ಪಕ್ಕದಲ್ಲಿ ನಿಂತು ನೋಡಿದವರು ಮಿಲ್ಟ್ರಿ ಅಜ್ಜ. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯವರು, ಯುದ್ಧ ಕಂಡು ಬಂದ ಮಾಜಿ ಸೈನಿಕರು. ಹನ್ನೊಂದು ವರ್ಷ ಸಂಬಳವಿಲ್ಲದೆ ನಮ್ಮಲ್ಲಿ ದುಡಿದರು. ಹೋದ ತಿಂಗಳು ತೀರಿಕೊಂಡರು.

ಬೆಳಿಗ್ಗೆ ಬೀಗ ತೆಗೆಯುವಾಗ ಈಗಲೂ ಅಳು ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಜೊತೆಗೆ ಇನ್ನೊಂದು ಸಂಕಟವೂ ಇತ್ತು. ಇಷ್ಟು ವರ್ಷ ನನ್ನ ಅವಾಂತರಗಳನ್ನೆಲ್ಲ ಕಂಡ ಮನುಷ್ಯ, ಮನಸ್ಸಿನಲ್ಲಿ ನನ್ನನ್ನು ಏನೆಂದುಕೊಂಡಿದ್ದರು? ಅವರಿದ್ದಾಗ ಕೇಳುವ ಧೈರ್ಯ ಬರಲಿಲ್ಲ.

೧. ಎಂಟು ದಿನದ ತಪಾಸಣೆ

ಅಜ್ಜ ಮೊದಲ ಸಲ ಬಂದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ, ಫಳಫಳ ಬೂಟು. ಒಂದೊಂದು ಕಲ್ಲಿನ ಮುಂದೂ ಹತ್ತು ನಿಮಿಷ ನಿಂತು ನೋಡಿ, ಮಾತಾಡದೆ ಹೋದರು. ಮರುದಿನವೂ ಬಂದರು. ಅದರ ಮರುದಿನವೂ ಬಂದರು. ನಮ್ಮ ಮ್ಯೂಸಿಯಮ್ಮಿಗೆ ಸ್ವಂತ ಇಷ್ಟದಿಂದ ಮೂರು ದಿನ ಬಂದ ಮನುಷ್ಯ ಅಲ್ಲಿಯವರೆಗೆ ಹುಟ್ಟಿರಲಿಲ್ಲ. ಮೇಲಿನ ಕಚೇರಿಯವರು ಗುಟ್ಟಾಗಿ ತಪಾಸಣೆಗೆ ಕಳಿಸಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಪೊರಕೆ ಹಿಡಿದು ಅಂಗಳ ಗುಡಿಸಿದೆ. ಜೇಡರಬಲೆ ತೆಗೆದೆ. ಗಾಜು ಒರೆಸಿದೆ. ದಿನಾ ಅವರಿಗೆ ಚಹಾ, ಬಿಸಿ ಬಜ್ಜಿ ತರಿಸಿದೆ. ಎಂಟನೇ ದಿನ ಅವರು ಬಜ್ಜಿ ತಂದ ಹುಡುಗನ ಹತ್ತಿರ ಏನೋ ವಿಚಾರಿಸಿಕೊಂಡು, ನನ್ನ ಮೇಜಿನ ಮುಂದೆ ಬಂದು ಸೆಟೆದು ನಿಂತಾಗ ನಾನೂ ಗಡಬಡಿಸಿ ಎದ್ದು ನಿಂತೆ.

"ಸಾರ್, ಇಲ್ಲಿ ಏನಾದ್ರೂ ಕೆಲಸ ಇದ್ರೆ ಕೊಡ್ರಿ. ಸಂಬಳ ಬೇಡ. ಮನೇಲಿ ಕೂತ್ರೆ ನಮ್ಮ ಯಜಮಾನ್ತಿ ಬೈತಾಳೆ," ಎಂದರು.

"ಅಯ್ಯೋ, ಮೊದಲ ದಿನವೇ ಕೇಳೋದಲ್ವೇನ್ರೀ?"

"ಕೇಳೋಣ ಅಂತಲೇ ಬಂದಿದ್ದೆ ಸಾರ್. ನೀವು ದಿನಾ ಅಷ್ಟು ಮುತುವರ್ಜಿಯಿಂದ ಕಸ ಹೊಡೀತಿದ್ರಿ. ಇವರು ಇಲ್ಲಿ ಗುಡಿಸೋರು, ಸಾಹೇಬ್ರು ರಜಾದಿಂದ ಬರ್ಲಿ ಅಂತ ಕಾಯ್ತಿದ್ದೆ!"

೨. ಹೋಳಿಗೆ ಊಟ

ಉಡುತಡಿಯ ಹೊಲವೊಂದರಿಂದ ಒಂದು ವೀರಗಲ್ಲು ತಂದು ನಿಲ್ಲಿಸಿದ್ದೆವು. ಹಿರಿಯರ ಹಬ್ಬದ ದಿನ ಆ ಹೊಲದ ಮನೆಯವರು ಹದಿನಾಲ್ಕು ಜನ ಟ್ರ್ಯಾಕ್ಟರಿನಲ್ಲಿ ಬಂದಿಳಿದರು. ಕೈಯಲ್ಲಿ ಕಾಯಿ, ಎಣ್ಣೆ, ಕುಂಕುಮ, ಎಡೆಯ ಬುಟ್ಟಿ. "ವರ್ಷಾ ವರ್ಷಾ ನಮ್ಮಜ್ಜಗೆ ಎಡೆ ಇಡ್ತೀವ್ರಿ. ನೀವು ಎತ್ಕೊಂಡು ಬಂದೀರಿ ಅಂತ ಅವನನ್ನ ಉಪವಾಸ ಕೆಡವಾಕ್ಕಾಗ್ತದಾ?" ಎಂದ ಹಿರಿಯ.

ನಾನು ನಿಯಮದ ಪುಸ್ತಕ ಹಿಡಿದು ಅಡ್ಡ ನಿಂತೆ. ಎಣ್ಣೆ ಹಚ್ಚುವಂತಿಲ್ಲ, ಕಾಯಿ ಒಡೆಯುವಂತಿಲ್ಲ, ಇಲ್ಲಿ ಪೂಜೆಯೇ ಇಲ್ಲ ಎಂದೆ. ಗಲಾಟೆ ಶುರುವಾಯಿತು. ಮಿಲ್ಟ್ರಿ ಅಜ್ಜ ನಡುವೆ ಬಂದರು.

"ಸಾರ್, ಇದು ಪೂಜೆ ಅಲ್ಲ. ಊರಿನ ದನ ಬಿಡಿಸ್ಕೊಂಡು ಬರಕ್ಕೆ ಹೋಗಿ ಪ್ರಾಣ ಕೊಟ್ಟೋನು ಇವನು. ಹುತಾತ್ಮನ ಮನೆಯೋರು ಅವನನ್ನ ನೋಡಕ್ಕೆ ಬಂದಾರೆ. ಅವರನ್ನ ನಿಲ್ಸಿ ಮಾತಾಡ್ಸೋದೇ ತಪ್ಪು. ಕುರ್ಚಿ ಹಾಕಿಸ್ರಿ."

ಕುರ್ಚಿ ಹಾಕಿದವನೂ ನಾನೇ. ಕಾಯಿಯನ್ನು ಗೇಟಿನ ಹೊರಗೆ ಒಡೆದರು, ಕಲ್ಲಿಗೆ ಎಣ್ಣೆ ಮುಟ್ಟಿಸಲಿಲ್ಲ. ಅಂಗಳದಲ್ಲಿ ಎಲೆ ಹಾಸಿ ಎಡೆ ಇಟ್ಟರು. ಆಮೇಲೆ ನಮಗೂ ಬಡಿಸಿದರು. ಸಂಜೆ ಭೇಟಿ ಪುಸ್ತಕ ತೆರೆದರೆ ಅಭಿಪ್ರಾಯದ ಜಾಗದಲ್ಲಿ ಬರೆದಿತ್ತು: "ನಮ್ಮಜ್ಜನನ್ನು ಚೆನ್ನಾಗಿ ಇಟ್ಟಿದ್ದಾರೆ. ಮಿಲ್ಟ್ರಿಯವರು ದೇವರಂಥವರು. ಇನ್ನೊಬ್ಬರು ಮೊದಲು ಬೈಯುತ್ತಾರೆ, ಆಮೇಲೆ ಆರು ಹೋಳಿಗೆ ತಿನ್ನುತ್ತಾರೆ."

೩. ಈಟಿಯ ತುದಿ

ಒಳಗಿನ ಗಾಜಿನ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದ ಒಂದು ಉದ್ದನೆಯ ಕಬ್ಬಿಣವಿತ್ತು. "ಯುದ್ಧದ ಈಟಿಯ ತುದಿ" ಎಂದು ಚೀಟಿ ಬರೆದು ಅಂಟಿಸಿದವನು ನಾನು. ಶಾಲೆಯ ಮಕ್ಕಳು ಬಂದಾಗ ಅದರ ಮುಂದೆ ನಿಂತು, ಎದೆಗೆ ತಿವಿಯುವ ಅಭಿನಯ ಸಮೇತ ವಿವರಿಸುತ್ತಿದ್ದೆ. ಮಕ್ಕಳು ಬೆಚ್ಚಿಬೀಳುತ್ತಿದ್ದರು.

ಮಿಲ್ಟ್ರಿ ಅಜ್ಜ ಸೇರಿ ಮೂರು ವರ್ಷವಾದ ಮೇಲೆ ಒಂದು ದಿನ ಕುರಿ ಸಾಕುವ ಅಜ್ಜಿಯೊಬ್ಬಳು ಅಲ್ಲಿ ನಿಂತು, "ಇದು ನೇಗಿಲ ಗುಳ ಅಲ್ಲೇನ್ರೀ? ನಮ್ಮಟ್ಟದ ಮ್ಯಾಲೆ ಇಂಥವು ಎರಡು ಅದಾವು," ಎಂದಳು. ನನ್ನ ಮುಖ ಹುಳ್ಳಗಾಯಿತು. ಮಿಲ್ಟ್ರಿ ಅಜ್ಜನತ್ತ ತಿರುಗಿದೆ.

"ನೀವು ಬೇಸಾಯದ ಮನೆಯವರು. ನಿಮಗೆ ಗೊತ್ತಿರಲಿಲ್ವಾ?"

"ಮೊದಲ ದಿನಾನೇ ಗೊತ್ತಾಯ್ತು ಸಾರ್."

"ಮತ್ತೆ ಮೂರು ವರ್ಷ ಯಾಕ್ರೀ ಸುಮ್ಮನಿದ್ರಿ?"

"ಜವಾನರ ಎದುರಿಗೆ ಆಫೀಸರ್ರ ತಪ್ಪು ತೋರಿಸ್ಬಾರ್ದು ಅಂತ ನಮ್ಗೆ ಕಲ್ಸಿದ್ದಾರೆ ಸಾರ್," ಎಂದವರು, ನನ್ನ ಮುಖ ನೋಡಿ ಮರುಕಪಟ್ಟು, "ನೀವೇನೂ ಯೋಚ್ನೆ ಮಾಡ್ಬೇಡಿ ಮಾರಾಯ್ರೆ. ಮಕ್ಕಳು ಹೊರಗೆ ಹೋಗೋವಾಗ ಗೇಟಿನ ಹತ್ರ ಎಲ್ರಿಗೂ ನಾನು ಸರಿಯಾದ್ದು ಹೇಳಿ ಕಳಿಸಿದೀನಿ!" ಎಂದರು.

೪. ನುಡಿನಮನ

ಅಜ್ಜ ಹೋದ ಮೇಲೆ ಮ್ಯೂಸಿಯಮ್ಮಿನ ಅಂಗಳದಲ್ಲೇ ನುಡಿನಮನ ಇಟ್ಟುಕೊಂಡೆವು. ಮುಖ್ಯ ಮಾತು ನನ್ನದು. ಹಿಂದಿನ ದಿನ ಬರೆಯಲು ಕೂತಾಗ ಗೊತ್ತಾಯಿತು: ಅವರು ಯುದ್ಧದಲ್ಲಿ ಏನು ಮಾಡಿದ್ದರು ಎಂಬುದೇ ನನಗೆ ತಿಳಿಯದು. ಕೇಳಿದಾಗಲೆಲ್ಲ "ಅದು ದೊಡ್ಡ ಕಥೆ, ಮೊದ್ಲು ಚಹಾ ಕುಡೀರಿ" ಎನ್ನುತ್ತಿದ್ದರು. ನಾನು ಚಹಾ ಕುಡಿಯುತ್ತಿದ್ದೆ. ನನ್ನ ಇತಿಹಾಸ ಸಂಶೋಧನೆ ಅಲ್ಲಿಗೆ ಮುಗಿಯುತ್ತಿತ್ತು.

ಗೊತ್ತಿಲ್ಲದಿದ್ದರೆ ಸುಮ್ಮನಿರಬೇಕಿತ್ತು. ಮೈಕು ಕೈಗೆ ಬಂದರೆ ಸುಮ್ಮನಿರುವವರುಂಟೆ? "ಗುಂಡಿನ ಮಳೆಗೆ ಎದೆಯೊಡ್ಡಿ, ಬಂದೂಕು ಹಿಡಿದು ಮುನ್ನುಗ್ಗಿದ ಧೀರ!" ಎಂದು ಗರ್ಜಿಸಿದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಮೆಲ್ಲಗೆ ಎದ್ದು ನಿಂತರು.

"ಸಾರ್, ತಪ್ಪು ತಿಳ್ಕಬೇಡಿ. ಅವ್ರು ಯುದ್ಧದಲ್ಲಿ ನೋಡ್ಕಳ್ತಿದ್ದದ್ದು ಹೇಸರಗತ್ತೆನ. ಗುಡ್ಡದ ಮೇಲೆ ಇದ್ದೋರಿಗೆ ಅಕ್ಕಿ, ಮದ್ದುಗುಂಡು ಎಲ್ಲ ಅದ್ರ ಬೆನ್ನ ಮೇಲೆ ಹೇರ್ಕಂಡು ಹೋಗದು."

ಅಜ್ಜಿ ಮುಂದುವರಿಸಿದರು. "ನಿಮ್ಮಲ್ಲಿ ಕೆಲಸಕ್ಕೆ ಸೇರಿದ ದಿನ ಮನೆಗೆ ಬಂದು, 'ನಮ್ಮ ಸಾಹೇಬ್ರು ಥೇಟ್ ನನ್ನ ಹೇಸರಗತ್ತೆ ಥರಾನೇ ಕಣೆ' ಅಂದ್ರು."

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ನೆಲ ಬಾಯಿಬಿಡಬಾರದೇ ಎನಿಸಿತು ನನಗೆ. ಇದಕ್ಕೇನಾ ನಾನು ಹನ್ನೊಂದು ವರ್ಷ ಕಾದದ್ದು?

ಅಜ್ಜಿ ಮಾತ್ರ ನಗಲಿಲ್ಲ. "ನಗಬೇಡಿ. ಅದು ಅಂದ್ರೆ ಅವ್ರಿಗೆ ಪ್ರಾಣ. ಅದು ಸತ್ತಾಗ ಮೂರು ದಿನ ಅನ್ನ ಮುಟ್ಲಿಲ್ವಂತೆ. 'ಅದಕ್ಕೆ ದಾರಿ ಗೊತ್ತಾಗ್ತಿರ್ಲಿಲ್ಲ, ಮುಂದೆ ಒಬ್ರು ನಡೀಬೇಕಿತ್ತು. ಆದ್ರೆ ಒಂದು ದಿನಾನೂ ಭಾರ ಕೆಡವಿ ಓಡಿಹೋಗ್ಲಿಲ್ಲ. ಈ ಸಾಹೇಬ್ರೂ ಹಂಗೇ' ಅಂತಿದ್ರು. ಅದಕ್ಕೇ ದಿನಾ ಎರಡೆರಡು ಬಸ್ಸು ಹತ್ತಿ ನಿಮ್ಮ ಹತ್ರ ಬರ್ತಿದ್ದದ್ದು."

ನಾನು ಮೈಕು ಹಿಡಿದುಕೊಂಡೇ ಗೊಳೋ ಎಂದು ಅತ್ತುಬಿಟ್ಟೆ. ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ನನಗೆ ಇಂಥ ಬಿರುದು ಕೊಟ್ಟಿರಲಿಲ್ಲ. ಮನೆಗೆ ಬಂದು ಕಣ್ಣೊರೆಸಿಕೊಳ್ಳುತ್ತ ಹೆಂಡತಿಗೆ ಎಲ್ಲ ಹೇಳಿದೆ.

ಅವಳೂ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ದೊಡ್ಡ ಮನುಷ್ಯರು. ಆದ್ರೆ ಇದಕ್ಕೆ ಹನ್ನೊಂದು ವರ್ಷ ಯಾಕ್ರೀ ಕಾದ್ರಿ? ನನ್ನನ್ನ ಕೇಳಿದ್ರೆ ಮದುವೆಯಾದ ವಾರಕ್ಕೇ ಹೇಳ್ತಿದ್ದೆ," ಎಂದಳು.